ಐದು ರಾತ್ರಿಗೆ ಒಂದೇ ದ್ವೀಪ ಸಾಕು: ಡೈವ್ ಮಾಡೋ ಜೋಡಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ ನಮಸ್ಕಾರ. ನಾನೂ ನಮ್ಮನೆಯವರೂ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡಿದ್ವಿ, ಆಮೇಲೆ ಮಗು ಆಯ್ತು, ಎರಡು ವರ್ಷದಿಂದ ನೀರಿಗೇ ಇಳಿದಿಲ್ಲ. ಈಗ ಅತ್ತೆ "ಮಗೂನ ನಾನು ನೋಡ್ಕೋತೀನಿ, ನೀವಿಬ್ರೂ ಹೋಗ್ಬನ್ನಿ" ಅಂದಿದ್ದಾರೆ, ಐದು ರಾತ್ರಿ ಸಿಗತ್ತೆ, ಅಂಡಮಾನ್ ಅಂತ ತೀರ್ಮಾನ ಆಗಿದೆ. ನಮ್ಮನೆಯವರ ಪ್ಲಾನ್ ಪ್ರಕಾರ ಪೋರ್ಟ್ ಬ್ಲೇರ್, ಹ್ಯಾವ್ಲಾಕ್, ನೀಲ್, ಟೈಮ್ ಸಿಕ್ರೆ ಬಾರಾಟಾಂಗ್ ಕೂಡ, ಕೊನೇ ದಿನ ಬೆಳಿಗ್ಗೆ ಒಂದು ಡೈವ್ ಹೊಡೆದು ಮಧ್ಯಾಹ್ನ ಫ್ಲೈಟ್. ಹ್ಯಾವ್ಲಾಕಿನ ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಅನ್ನೋ ಡೈವ್ ಜಾಗಗಳ ವಿಡಿಯೋ ನೋಡಿ ಅವೆರಡೂ ಆಗ್ಲೇಬೇಕು ಅಂತಿದ್ದಾರೆ. ಯಾವಾಗ ಹೋದ್ರೆ ಒಳ್ಳೇದು? ಇನ್ನೊಂದು, ನೀರೊಳಗೆ ಅವರ ಗಾಳಿ ನನಗಿಂತ ತುಂಬ ಬೇಗ ಖಾಲಿ ಆಗತ್ತೆ, ಅವರು ಬೇಜಾರ್ ಮಾಡ್ಕೊಂಡು "ನೀನು ಗೈಡ್ ಜೊತೆ ಮುಂದುವರಿಸು" ಅಂತಾರೆ, ಏನು ಮಾಡೋದು?
– ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಆ ಕೊನೇ ದಿನದ ಡೈವ್ ತೆಗೆದುಹಾಕಿ, ಬೇರೆಲ್ಲ ಆಮೇಲೆ ಮಾತಾಡೋಣ. ಬೆಳಿಗ್ಗೆ ಡೈವ್ ಮಾಡಿ ಮಧ್ಯಾಹ್ನ ವಿಮಾನ ಹತ್ತೋದು ನಿಜಕ್ಕೂ ಅಪಾಯ. ನೀರಿನ ಆಳದಲ್ಲಿ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತಕ್ಕೆ, ಮಾಂಸಖಂಡಕ್ಕೆ ಸೇರ್ಕೊಂಡಿರತ್ತೆ, ಅದು ನಿಧಾನಕ್ಕೆ ಉಸಿರಿನ ಮೂಲಕ ಹೊರಗೆ ಹೋಗ್ಬೇಕು, ಅದು ಹೋಗೋಕೆ ಮುಂಚೆ ಸುತ್ತಲಿನ ಒತ್ತಡ ಇಳಿದ್ರೆ ಒಳಗೇ ಗುಳ್ಳೆ ಆಗತ್ತೆ, ಕೀಲು ನೋವಿಂದ ಹಿಡಿದು ಬೆನ್ನುಹುರಿಗೆ ಏಟು ಬೀಳೋವರೆಗೂ ಏನು ಬೇಕಾದ್ರೂ ಆಗಬಹುದು. ವಿಮಾನದ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರೋ ಅಷ್ಟೇ ಇರತ್ತೆ, ಅಂದ್ರೆ ಹೆಚ್ಚುಕಮ್ಮಿ ಮುಳ್ಳಯ್ಯನಗಿರಿ ತುದಿ ಅಥವಾ ಅದಕ್ಕಿಂತ ಮೇಲೆ. ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ದಿನಕ್ಕೆರಡರಂತೆ ಕೆಲವು ದಿನ ಮಾಡಿದ್ರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು ಅನ್ನೋದು ಡೈವರ್‌ಗಳ ಸುರಕ್ಷತೆ ನೋಡ್ಕೊಳ್ಳೋ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯವರ ಸೂಚನೆ. ನಾನಂತೂ ಎಲ್ರಿಗೂ ಪೂರ್ತಿ 24 ಗಂಟೆ ಅಂತಲೇ ಹೇಳ್ತೀನಿ. ಇದಕ್ಕೆ ಮತ್ತೆ ಒತ್ತಡ ಕೊಟ್ಟು ಚಿಕಿತ್ಸೆ ಮಾಡೋ ರಿಕಂಪ್ರೆಷನ್ ಚೇಂಬರ್ ಹ್ಯಾವ್ಲಾಕಲ್ಲಿ ಇಲ್ಲ, ಏನಾದ್ರೂ ಆದ್ರೆ ಸಮುದ್ರ ದಾಟಿ ಪೋರ್ಟ್ ಬ್ಲೇರಿಗೇ ಹೋಗ್ಬೇಕು, ಇದನ್ನ ಮನಸ್ಸಲ್ಲಿ ಇಟ್ಕೊಂಡೇ ಪ್ಲಾನ್ ಮಾಡಿ.

ಹಾಗಾಗಿ ಐದು ರಾತ್ರಿಯ ಲೆಕ್ಕವನ್ನ ವಾಪಸ್ ಬರೋ ಫ್ಲೈಟಿಂದ ಹಿಂದಕ್ಕೆ ಹಾಕ್ಕೊಂಡು ಬನ್ನಿ. ಆರನೇ ದಿನ ಫ್ಲೈಟ್. ಐದನೇ ದಿನ ಹ್ಯಾವ್ಲಾಕಿಂದ ಫೆರಿಯಲ್ಲಿ ಪೋರ್ಟ್ ಬ್ಲೇರಿಗೆ, ಅವತ್ತು ನೀರಿಗೆ ಇಳಿಯೋ ಹಾಗಿಲ್ಲ, ಸೆಲ್ಯುಲರ್ ಜೈಲಿಗೆ ಹೋಗಿ. ಏಳು ಸಾಲು ಇದ್ದ ಜೈಲಲ್ಲಿ ಈಗ ಮೂರು ಸಾಲು ಉಳಿದಿದೆ, ಅಲ್ಲಿ ಒಂದೊಂದು ಕೋಣೆ ಮುಂದೆ ನಿಂತು ನೋಡೋಕೆ ಸಮಯ ಬೇಕು, ಅರ್ಧ ಗಂಟೇಲಿ ಓಡಿಬರೋ ಜಾಗ ಅಲ್ಲ. ಈ ಒಣ ದಿನದಿಂದ ಇನ್ನೊಂದು ಲಾಭ ಇದೆ. ಸಮುದ್ರ ಕೆಟ್ರೆ ಫೆರಿ ಕ್ಯಾನ್ಸಲ್ ಆಗತ್ತೆ, ಫ್ಲೈಟ್ ಇರೋ ದಿನವೇ ಹ್ಯಾವ್ಲಾಕಿಂದ ಹೊರಡೋ ಪ್ಲಾನ್ ಇಟ್ಕೊಂಡವರು ಜೆಟ್ಟೀಲಿ ಕೂತು ಫ್ಲೈಟ್ ತಪ್ಪಿಸ್ಕೊಳ್ಳೋದು ಹೊಸದೇನಲ್ಲ.

ಉಳಿದಿದ್ದು ಒಂದರಿಂದ ನಾಲ್ಕು. ಮೊದಲನೇ ದಿನ ಬೆಂಗಳೂರಿಂದ ಬೆಳಗಿನ ಜಾವದ ನೇರ ಫ್ಲೈಟ್ ಹಿಡಿದ್ರೆ ಎರಡೂವರೆ ಗಂಟೆ ಪ್ರಯಾಣ, ಇಳಿದು ಮಧ್ಯಾಹ್ನದ ಪ್ರೈವೇಟ್ ಫೆರಿ ಹಿಡೀರಿ, ಒಂದೂವರೆ ಗಂಟೇಲಿ ಹ್ಯಾವ್ಲಾಕ್. ಟಿಕೆಟ್ ಮುಂಚೇನೇ ಮಾಡಿಸ್ಕೊಳ್ಳಿ, ಸೀಸನ್ನಲ್ಲಿ ಅವತ್ತೇ ಸಿಗತ್ತೆ ಅಂತ ನಂಬ್ಕೋಬೇಡಿ. 2018ರಲ್ಲಿ ಹ್ಯಾವ್ಲಾಕಿಗೆ ಸ್ವರಾಜ್ ದ್ವೀಪ ಅಂತಲೂ ನೀಲ್‌ಗೆ ಶಹೀದ್ ದ್ವೀಪ ಅಂತಲೂ ಹೆಸರಿಟ್ರು, 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಆಯ್ತು, ಟಿಕೆಟ್ ಮೇಲೆ ಯಾವ ಹೆಸರಿದ್ರೂ ಗಾಬರಿ ಆಗ್ಬೇಡಿ. ಎರಡು, ಮೂರು, ನಾಲ್ಕನೇ ದಿನ ಡೈವ್. ನೀಲ್ ಬಿಡಿ. ಬಾರಾಟಾಂಗ್ ಅಂತೂ ಬೇಡವೇ ಬೇಡ, ನಡುರಾತ್ರೀಲಿ ಎದ್ದು ಹೊರಟು, ಜಾರವಾ ಜನರ ಕಾಡಿನ ನಡುವೆ ಕಾನ್ವಾಯಲ್ಲಿ ಹೋಗಿ ಬರೋದು ಒಂದು ಇಡೀ ದಿನ ನುಂಗತ್ತೆ, ಅವರ ಮನೆ ಅಂಗಳದಲ್ಲಿ ನಾವು ಹಾಯ್ದು ಹೋಗದೇ ಇದ್ರೆ ಅವರಿಗೂ ಒಳ್ಳೇದು. ಪ್ರತೀ ಸಲ ದ್ವೀಪ ಬದಲಾಯಿಸಿದಾಗ ಪ್ಯಾಕಿಂಗ್, ಜೆಟ್ಟಿ, ಕ್ಯೂ, ಚೆಕ್-ಇನ್ ಅಂತ ಅರ್ಧ ದಿನ ಹೋಗತ್ತೆ, ಡೈವಿಂಗ್ ಬೋಟುಗಳು ಹೊರಡೋದೇ ಬೆಳಿಗ್ಗೆ ಆರೂವರೆ ಏಳಕ್ಕೆ, ಹಾಗಾಗಿ ಆ ಅರ್ಧ ದಿನದ ಜೊತೆ ಡೈವೂ ಹೋಗತ್ತೆ. ಮಗು ಹುಟ್ಟಿದ ಮೇಲೆ ಮೊದಲ ಸಲ ಇಬ್ರೇ ಹೋಗ್ತಿದ್ದೀರಿ, ಸಾಮಾನು ಎತ್ತಿಳಿಸೋದ್ರಲ್ಲೇ ಕಳೀಬೇಡಿ.

ಯಾವಾಗ ಹೋಗೋದು ಅನ್ನೋದು ನನಗೆ ಬಹಳ ಇಷ್ಟದ ಪ್ರಶ್ನೆ. ನವೆಂಬರಿಂದ ಏಪ್ರಿಲ್‌ವರೆಗೆ ಸೀಸನ್, ಅದ್ರಲ್ಲೂ ಫೆಬ್ರವರಿ ಮಾರ್ಚಲ್ಲಿ ಸಮುದ್ರ ಶಾಂತವಾಗಿರತ್ತೆ, ನೀರು ತಿಳಿಯಾಗಿರತ್ತೆ. ಆದ್ರೆ ತಿಂಗಳು ನೋಡಿದ್ರೆ ಸಾಲದು, ತಿಥಿ ನೋಡಿ. ಅಡುಗೆಮನೆ ಗೋಡೇಲಿ ನೇತಾಡೋ ಕ್ಯಾಲೆಂಡರೇ ಸಾಕು. ಹುಣ್ಣಿಮೆ ಅಮಾವಾಸ್ಯೆ ಸುತ್ತಮುತ್ತ ಉಬ್ಬರ ಇಳಿತ ಜೋರು, ನೀರೊಳಗೆ ಸೆಳೆತವೂ ಜೋರು, ಆಚೆ ಸಮುದ್ರದ ಸೈಟುಗಳಲ್ಲಿ ಹಗ್ಗ ಹಿಡ್ಕೊಂಡೇ ಇಳೀಬೇಕಾಗತ್ತೆ, ಎರಡು ವರ್ಷ ಬಿಟ್ಟು ಇಳಿಯೋರಿಗೆ ಅದು ಬೇಡ. ಅಷ್ಟಮಿ ಆದ ಮೇಲಿನ ಎರಡು ಮೂರು ದಿನ ಸೆಳೆತ ಕಮ್ಮಿ. ಎರಡು ಅಷ್ಟಮಿಗಳಲ್ಲಿ ಬಹುಳ ಅಷ್ಟಮಿಯನ್ನೇ ಆರಿಸ್ಕೊಳ್ಳಿ, ಯಾಕಂದ್ರೆ ಆಗ ಚಂದ್ರ ಹುಟ್ಟೋದೇ ನಡುರಾತ್ರಿ ಹೊತ್ತಿಗೆ, ಸಂಜೆಯೆಲ್ಲ ಕಗ್ಗತ್ತಲು, ಆ ಕತ್ತಲಲ್ಲಿ ಹ್ಯಾವ್ಲಾಕಿನ ಕಾಂಡ್ಲಾ ಕಾಡಿನ ಹತ್ರ ಕಯಾಕಲ್ಲಿ ಹೋದ್ರೆ ಹುಟ್ಟು ಹಾಕಿದ ಕಡೆಯೆಲ್ಲ ನೀರು ನೀಲಿಯಾಗಿ ಮಿಂಚತ್ತೆ, ಸೂಕ್ಷ್ಮಜೀವಿಗಳು ಕದಡಿದಾಗ ಬಿಡೋ ಬೆಳಕು ಅದು. ಬೆಳದಿಂಗಳಲ್ಲಿ ಅದು ಸರಿಯಾಗಿ ಕಾಣಲ್ಲ. ಸುಲಭವಾಗಿ ನೆನಪಿಟ್ಕೊಳ್ಳೋಕೆ, ಶಿವರಾತ್ರಿಗೆ ಆರು ದಿನ ಮುಂಚೆ ಬರೋ ಅಷ್ಟಮಿ ಹಿಡಿದು ನಿಮ್ಮ ಮೂರು ಡೈವ್ ದಿನಗಳನ್ನ ಅಲ್ಲಿಂದ ಶುರುಮಾಡಿ, ಸೀಸನ್ನೂ ಸರಿಹೋಗತ್ತೆ, ಸೆಳೆತವೂ, ಕತ್ತಲೂ.

ಇನ್ನು ಡಿಕ್ಸನ್ಸ್, ಜಾನೀಸ್. ನಿಮ್ಮ ಕಾರ್ಡ್ ಓಪನ್ ವಾಟರ್, ಮಿತಿ 18 ಮೀಟರ್. ಡಿಕ್ಸನ್ಸಲ್ಲಿ ಆ ಬಂಡೆಗಳ ತಲೆ ಶುರುವಾಗೋದೇ ಸುಮಾರು ಅಷ್ಟು ಆಳದಲ್ಲಿ, ಜಾನೀಸ್ ಇನ್ನೂ ಕೆಳಗೆ. ವಿಡಿಯೋದಲ್ಲಿ ಅವರು ನೋಡಿರೋ ಬರಾಕುಡಾ ಹಿಂಡು, ಸ್ನಾಪರ್ ಹಿಂಡು ಎಲ್ಲ 25 ಮೀಟರ್ ಆಸುಪಾಸಿನ ಸಂಗತಿ. ಅಲ್ಲಿಗೆ ಹೋಗ್ಬೇಕಂದ್ರೆ ಅಡ್ವಾನ್ಸ್ಡ್ ಕೋರ್ಸ್ ಮಾಡ್ಬೇಕು, ಐದು ಡೈವ್, ಅದ್ರಲ್ಲಿ ಡೀಪ್ ಮತ್ತು ನ್ಯಾವಿಗೇಷನ್ ಕಡ್ಡಾಯ, ಮುಗಿಸಿದ್ರೆ 30 ಮೀಟರ್‌ವರೆಗೆ ಹೋಗಬಹುದು. "ರಜದಲ್ಲಿ ಕೋರ್ಸಾ" ಅಂತ ಅನ್ನಿಸಬಹುದು ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಮಾಡಿ, ಥಿಯರಿ ಆನ್‌ಲೈನಲ್ಲಿ ಮನೇಲೇ ಓದಿ ಮುಗಿಸಿ ಹೋಗಿ, ಅಲ್ಲಿ ನೋಟ್ಸ್ ಹಿಡ್ಕೊಂಡು ಕೂರಬೇಡಿ. ಒಂದೇ ಷರತ್ತು, ಎರಡನೇ ದಿನ ಪೂರ್ತಿ ರಿಫ್ರೆಶರ್ ತರ ಇರಲಿ. ಲೈಟ್‌ಹೌಸ್, ನೀಮೋ ರೀಫ್ ತರದ ಕಮ್ಮಿ ಆಳದ ಜಾಗದಲ್ಲಿ ಮಾಸ್ಕಿಗೆ ನೀರು ಬಿಟ್ಟು ಖಾಲಿ ಮಾಡೋದು, ಉಸಿರಾಡೋ ರೆಗ್ಯುಲೇಟರ್ ಬಾಯಿಂದ ತೆಗೆದು ಮತ್ತೆ ಹಾಕೋದು, ತಳಕ್ಕೆ ತಾಗದೇ ತೇಲೋದು, ಇಷ್ಟು ಕೈಗೆ ಬಂತು ಅಂತ ಇಬ್ರಿಗೂ ಅನ್ನಿಸಿದ್ರೆ ಮಾತ್ರ ಮೂರು ನಾಲ್ಕನೇ ದಿನ ಅಡ್ವಾನ್ಸ್ಡ್. ಎರಡು ದಿನದಲ್ಲಿ ಐದು ಡೈವ್ ಅಂದ್ರೆ ಒಂದು ದಿನ ಸಂಜೆ ನೈಟ್ ಡೈವ್ ಬರಬಹುದು, ಅದು ಬೋನಸ್. ಅನ್ನಿಸ್ಲಿಲ್ವಾ, ಕಮ್ಮಿ ಆಳದಲ್ಲೇ ಮೂರು ದಿನ ಖುಷಿಯಾಗಿ ಇರಿ.

ಜೆಟ್ಟಿ ಹತ್ರಾನೇ ಇರೋ ದಿ ವಾಲ್ ಅನ್ನೋ ಸೈಟ್ ಓಪನ್ ವಾಟರ್ ಅವರಿಗೂ ಒಳ್ಳೇದು, ಮೇಲ್ಭಾಗ ಸುಮಾರು ಹತ್ತು ಮೀಟರಲ್ಲೇ ಶುರು. ಅಲ್ಲಿ ಒಂದು ಕೆಲಸ ಮಾಡಿ. ಗೋಡೆಗೆ ಒಂದು ಮೀಟರ್ ದೂರದಲ್ಲಿ ನಿಂತು ಅಂಗೈ ಅಗಲದ ಜಾಗ ಒಂದನ್ನ ಸುಮ್ನೆ ನೋಡ್ತಾ ಇರಿ. ಮೊದಲು ಬರೀ ಕಂದು ಕಲ್ಲು, ಮೇಲೆ ನೇರಳೆ ಬಣ್ಣದ ಮೆದು ಹವಳ, ಸ್ವಲ್ಪ ಹೊತ್ತಿಗೆ ಆ ಕಲ್ಲಲ್ಲೇ ಒಂದು ಕಣ್ಣು ಅಲ್ಲಾಡತ್ತೆ, ಆಮೇಲೆ ಬಾಯಿ ಗೆರೆ ಕಾಣತ್ತೆ, ಅದು ಸ್ಕಾರ್ಪಿಯನ್ ಮೀನು, ಅಷ್ಟು ಹೊತ್ತೂ ಅಲ್ಲೇ ಕೂತಿತ್ತು. ಅದರ ಬೆನ್ನ ಮೇಲೆ ವಿಷದ ಮುಳ್ಳಿದೆ, ಯಾವುದನ್ನೂ ಮುಟ್ಟಬೇಡಿ ಅಂತ ಗೈಡ್ ಹೇಳೋದು ಹವಳ ಉಳಿಸೋಕೂ ಹೌದು ನಿಮ್ಮ ಕೈ ಉಳಿಸೋಕೂ ಹೌದು. ಇನ್ನೊಂದು ಮಾತು ಮನಸ್ಸು ಗಟ್ಟಿ ಮಾಡ್ಕೊಂಡು ಹೇಳ್ತೀನಿ, ಕಮ್ಮಿ ಆಳದ ಹವಳ ಹಳೇ ಫೋಟೋಗಳಲ್ಲಿ ಇದ್ದ ಹಾಗೆ ಈಗಿಲ್ಲ. 1998, 2010, 2016ರಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿಕೊಂಡಿತು, ಬಹಳಷ್ಟು ಸತ್ತೂ ಹೋಯ್ತು. ಕೆಲವು ಕಡೆ ಮತ್ತೆ ಚಿಗುರ್ತಿದೆ, ಅದನ್ನ ಫಿನ್ನಲ್ಲಿ ಒದ್ದು ಮುರಿಯೋ ಡೈವರ್ ನಾವಾಗಬಾರದು. ಅದಕ್ಕೇ ತೇಲೋದನ್ನ ರಿಫ್ರೆಶರ್ ದಿನ ಅಷ್ಟು ಅಭ್ಯಾಸ ಮಾಡಿ ಅಂದಿದ್ದು. ಬಿದ್ದಿರೋ ಸತ್ತ ಹವಳದ ತುಂಡನ್ನೂ ಮಗೂಗೆ ಅಂತ ಬ್ಯಾಗಲ್ಲಿ ಹಾಕ್ಕೋಬೇಡಿ, ಏರ್‌ಪೋರ್ಟಲ್ಲಿ ಹಿಡೀತಾರೆ, ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಗಾಳಿ ವಿಷಯಕ್ಕೆ ಬರೋಣ. ಇದು ಬಹಳ ಜೋಡಿಗಳಲ್ಲಿ ಇದೆ, ಯಾರೂ ಹೇಳ್ಕೊಳ್ಳಲ್ಲ ಅಷ್ಟೆ. ದೊಡ್ಡ ಮೈಕಟ್ಟು, ದೊಡ್ಡ ಶ್ವಾಸಕೋಶ ಇದ್ದವರಿಗೆ ಗಾಳಿ ಜಾಸ್ತಿ ಬೇಕು, ಅದು ತಪ್ಪೂ ಅಲ್ಲ ಸೋಲೂ ಅಲ್ಲ. ಜೊತೆಗೆ ಮುಳುಗೋಕೆ ಅಂತ ಸೊಂಟಕ್ಕೆ ಕಟ್ಟೋ ಸೀಸ ಜಾಸ್ತಿ ಆಗಿದ್ರೆ, ಕೈ ಬೀಸ್ತಾ ಈಜಿದ್ರೆ, ಗಾಬರಿ ಇದ್ರೆ ಇನ್ನೂ ಬೇಗ ಮುಗಿಯತ್ತೆ. ರಿಫ್ರೆಶರ್ ದಿನ ಇನ್‌ಸ್ಟ್ರಕ್ಟರ್ ಹತ್ರ ಸೀಸದ ತೂಕ ಸರಿಯಾಗಿ ನೋಡ್ಸಿ, ಒಂದು ಕಿಲೋ ಕಮ್ಮಿ ಆದ್ರೂ ವ್ಯತ್ಯಾಸ ಗೊತ್ತಾಗತ್ತೆ. ನಿಮ್ಮನೆಯವರಿಗೆ ದೊಡ್ಡ ಸಿಲಿಂಡರ್ ಸಿಗತ್ತಾ ಅಂತಲೂ ಮುಂಚೇನೇ ಕೇಳಿ. ಆದ್ರೆ "ನೀನು ಮುಂದುವರಿಸು" ಅನ್ನೋದು ಬೇಡ, ಅವರನ್ನ ಒಬ್ರನ್ನೇ ಮೇಲೆ ಕಳಿಸಿ ನೀವು ಕೆಳಗೆ ಉಳಿಯೋದಂತೂ ಬೇಡವೇ ಬೇಡ. ಡೈವಿಂಗಲ್ಲಿ ಜೊತೆಗಾರರನ್ನ 'ಬಡ್ಡಿ' ಅಂತಾರೆ, ಅಂದ್ರೆ ಒಟ್ಟಿಗೆ ಇಳಿದು ಒಟ್ಟಿಗೆ ಏರೋರು. ಬೋಟಲ್ಲೇ ಮಾತಾಡ್ಕೊಳ್ಳಿ, ಇಬ್ಬರಲ್ಲಿ ಯಾರದ್ದೇ ಆಗಲಿ ಸಿಲಿಂಡರಿನ ಗಾಳಿ ಒತ್ತಡ ಮೊದಲು 100 ಬಾರ್‌ಗೆ ಇಳಿದ್ರೆ ತಿರುಗೋದು, 50 ಬಾರ್ ಉಳಿದಿರೋ ಹಾಗೇ ಮೇಲೆ ಬರೋದು, ಮಧ್ಯೆ 5 ಮೀಟರಲ್ಲಿ ಮೂರು ನಿಮಿಷ ನಿಲ್ಲೋದು. ಇನ್ನೊಂದು ನಿಯಮ ಇಬ್ರೂ ಒಪ್ಕೊಳ್ಳಿ, ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಹೆಬ್ಬೆರಳು ಮೇಲೆ ತೋರಿಸಿದ್ರೆ ಡೈವ್ ಮುಗೀತು, ಕಾರಣ ಕೇಳೋ ಹಾಗಿಲ್ಲ, ಮೇಲೆ ಬಂದ ಮೇಲೂ ಮುಖ ಊದಿಸ್ಕೊಳ್ಳೋ ಹಾಗಿಲ್ಲ. ಈ ಮಾತು ಮೊದಲೇ ಆಗಿದ್ರೆ ನೀರೊಳಗೆ ಯಾರಿಗೂ ಮುಜುಗರ ಆಗಲ್ಲ, ಮುಜುಗರ ಇಲ್ದಿದ್ರೆ ಉಸಿರೂ ನಿಧಾನ ಆಗತ್ತೆ.

ಡೈವ್ ಶಾಪ್ ಆರಿಸೋವಾಗ ರೇಟ್ ಒಂದನ್ನೇ ಕೇಳ್ಬೇಡಿ. ಬೋಟಲ್ಲಿ ಎಮರ್ಜೆನ್ಸಿ ಆಕ್ಸಿಜನ್ ಇದೆಯಾ, ಒಬ್ಬ ಗೈಡಿಗೆ ಎಷ್ಟು ಜನ, ಅಲೆ ಜೋರಿದ್ರೆ ಟ್ರಿಪ್ ಕ್ಯಾನ್ಸಲ್ ಮಾಡಿ ದುಡ್ಡು ವಾಪಸ್ ಕೊಡ್ತಾರಾ, ಇವು ಮೂರೂ ಕೇಳಿ, ಉತ್ತರ ಕೊಡೋ ರೀತಿಯಲ್ಲೇ ಗೊತ್ತಾಗತ್ತೆ. ಉಳ್ಕೊಳ್ಳೋದು ಬೀಚ್ ನಂಬರ್ 3, 5ರ ಕಡೆ ಇರಲಿ, ಡೈವ್ ಶಾಪುಗಳು ಹೆಚ್ಚಾಗಿ ಅಲ್ಲೇ. ದುಬಾರಿ ರೂಮಿಗೆ ಹಾಕೋ ದುಡ್ಡನ್ನ ಡೈವಿಗೆ, ಡೈವಿಂಗ್ ಇನ್ಶೂರೆನ್ಸಿಗೆ ಹಾಕಿ, ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಸ್ಕೂಬಾ ಸೇರಿದೆಯಾ, ಎಷ್ಟು ಮೀಟರ್‌ವರೆಗೆ ಅಂತ ಓದಿ ನೋಡಿ. ಸಾಮಾನಲ್ಲಿ ಸ್ವಂತ ಮಾಸ್ಕ್, ತುಂಬು ತೋಳಿನ ರ‍್ಯಾಶ್ ಗಾರ್ಡ್, ಆಳ, ಸಮಯ ತೋರಿಸೋ ಡೈವ್ ಕಂಪ್ಯೂಟರ್ ಇದ್ರೆ ಅದು, ಇಷ್ಟು ಸಾಕು, ಉಳಿದಿದ್ದೆಲ್ಲ ಬಾಡಿಗೆಗೆ ಸಿಗತ್ತೆ.

ಡೈವ್ ಮುಗಿಸಿ ಮಧ್ಯಾಹ್ನ ಬಂದ್ರೆ ಬಂಗಾಳಿ ಹೋಟೆಲಲ್ಲಿ ಅನ್ನ, ಬೇಳೆ, ಮೀನಿನ ಸಾರು ಉಂಡು ಮಲಗಿ. ಒಂದು ಸಂಜೆ ರಾಧಾನಗರ ಬೀಚಿಗೆ ಹೋಗಿ, ನಾಲ್ಕಕ್ಕೇ ಅಲ್ಲಿರಿ, ನಮ್ಮೂರಿನ ಲೆಕ್ಕದಲ್ಲಿ ಆರೂವರೆಗೆ ಹೋದ್ರೆ ಕತ್ತಲೇ ಸಿಗೋದು, ಅಲ್ಲಿ ಫೆಬ್ರವರೀಲಿ ಐದೂವರೆಗೆಲ್ಲ ಸೂರ್ಯ ಮುಳುಗಿರ್ತಾನೆ. ಮೊಸಳೆ ಎಚ್ಚರಿಕೆಯ ಬೋರ್ಡ್ ಇರೋ ಕಡೆ ನೀರಿಗೆ ಇಳೀಬೇಡಿ, ಅದು ಸುಮ್ನೆ ಹಾಕಿರೋ ಬೋರ್ಡ್ ಅಲ್ಲ.

ಮತ್ತೆ ಹೊರಡೋ ತಿಂಗಳು ಮುಂಚೆ ಒಂದು ಶನಿವಾರ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಎರಡು ಡೈವ್ ಮಾಡೋಕಾದ್ರೆ ಇನ್ನೂ ಒಳ್ಳೇದು, ಹ್ಯಾವ್ಲಾಕಲ್ಲಿ ರಿಫ್ರೆಶರ್ ದಿನ ಹಗುರ ಆಗತ್ತೆ. ಆದ್ರೆ ಅವತ್ತೇ ಸಂಜೆ ಘಾಟಿ ಹತ್ತಿ ದಾವಣಗೆರೆಗೆ ಹೊರಡಬೇಡಿ. ಘಾಟಿಯೂ ಎತ್ತರವೇ, ಅಲ್ಲೂ ಒತ್ತಡ ಇಳಿಯತ್ತೆ. ರಾತ್ರಿ ಮುರುಡೇಶ್ವರದಲ್ಲೇ ಉಳಿದು ಬೆಳಿಗ್ಗೆ ಹೊರಡಿ.

ಪ್ರಶ್ನೆ: ಹನಿಮೂನಿಗೆ ಅಂಡಮಾನ್ ಹೋಗ್ತಿದ್ದೀವಿ, ಇಬ್ರೂ ಡೈವರ್ಸ್. ನನ್ನ ಪೀರಿಯಡ್ಸ್ ಡೇಟ್ ಸರಿಯಾಗಿ ಅದೇ ವಾರ ಬರತ್ತೆ. ಡೈವ್ ಮಾಡಬಹುದಾ, ಶಾರ್ಕ್ ಬರತ್ತೆ ಅಂತಾರಲ್ಲ? ಮಾತ್ರೆ ತಗೊಂಡು ಮುಂದಕ್ಕೆ ಹಾಕ್ಲಾ?
– ಓದುಗಿ, ಮಂಗಳೂರು

ಉತ್ತರ: ಮಾಡಬಹುದು. ಶಾರ್ಕ್ ಬರತ್ತೆ ಅನ್ನೋದಕ್ಕೆ ಯಾವ ಆಧಾರವೂ ಇಲ್ಲ, ಎಷ್ಟೋ ಹೆಣ್ಣುಮಕ್ಕಳು ಇನ್‌ಸ್ಟ್ರಕ್ಟರ್ ಆಗಿ ತಿಂಗಳಿಡೀ ನೀರಲ್ಲೇ ಇರ್ತಾರೆ. ಕಪ್ ಅಥವಾ ಟ್ಯಾಂಪೂನ್ ಬಳಸಿ, ಮೊದಲ ಸಲ ಆದ್ರೆ ಮನೇಲಿ ಒಂದೆರಡು ತಿಂಗಳು ಅಭ್ಯಾಸ ಮಾಡ್ಕೊಂಡು ಹೋಗಿ. ಹೊಟ್ಟೆನೋವು, ಸುಸ್ತು ಜಾಸ್ತಿ ಇರೋ ದಿನ ಡೈವ್ ಬಿಡಿ, ಯಾರಿಗೂ ಸಮಜಾಯಿಷಿ ಕೊಡ್ಬೇಕಿಲ್ಲ. ಡೇಟ್ ಮುಂದಕ್ಕೆ ಹಾಕೋ ಮಾತ್ರೆ ಮೆಡಿಕಲ್ ಶಾಪಲ್ಲಿ ಕೇಳಿ ತಗೋಬೇಡಿ, ಡಾಕ್ಟರ್ ಹತ್ರಾನೇ ಕೇಳಿ, ಡೈವ್ ಮಾಡ್ತೀನಿ ಅಂತಲೂ ಹೇಳಿ. ಡೇಟ್ ತಪ್ಪಿದೆ, ಗರ್ಭಿಣಿ ಆಗಿರಬಹುದು ಅನ್ನೋ ಅನುಮಾನ ಸ್ವಲ್ಪ ಇದ್ರೂ ಟೆಸ್ಟ್ ಮಾಡ್ಕೊಳ್ಳೋವರೆಗೂ ನೀರಿಗೆ ಇಳೀಬೇಡಿ, ಗರ್ಭಿಣಿಯರು ಸ್ಕೂಬಾ ಮಾಡೋ ಹಾಗಿಲ್ಲ, ಸ್ನಾರ್ಕೆಲಿಂಗ್ ಬೇರೆ ವಿಷಯ.

ಪ್ರಶ್ನೆ: ನಮಗೆ ರಜ ಸಿಗೋದೇ ಆಗಸ್ಟಲ್ಲಿ. ಮಳೆಗಾಲದಲ್ಲಿ ಅಂಡಮಾನ್ ರೂಮ್ ಅಗ್ಗ ಅಂತ ಏಜೆಂಟ್ ಹೇಳ್ತಿದ್ದಾರೆ. ಲಕ್ಷದ್ವೀಪ, ಮಾಲ್ಡೀವ್ಸ್ ಹೇಗೆ?
– ಡೈವಿಂಗ್ ದಂಪತಿ, ಮೈಸೂರು

ಉತ್ತರ: ಅಗ್ಗ ಯಾಕೆ ಅಂತ ಸಮುದ್ರ ನೋಡಿದ್ರೆ ಗೊತ್ತಾಗತ್ತೆ. ಆಗಸ್ಟಲ್ಲಿ ನೈಋತ್ಯ ಮಾರುತ, ಫೆರಿ ಹೋಗತ್ತೋ ಇಲ್ವೋ, ಡೈವ್ ಬೋಟ್ ಹೊರಡತ್ತೋ ಇಲ್ವೋ, ನಾಲ್ಕೈದು ದಿನ ಇಟ್ಕೊಂಡು ಹೋಗೋರು ಆ ಜೂಜು ಆಡಬಾರದು. ಲಕ್ಷದ್ವೀಪವೂ ಅದೇ ಕಥೆ, ಜೊತೆಗೆ ಎಂಟ್ರಿ ಪರ್ಮಿಟ್ ಮಾಡಿಸ್ಕೋಬೇಕು, ಅದನ್ನ ಅಕ್ಟೋಬರ್ ಆದ ಮೇಲಿನ ರಜಕ್ಕೆ ಇಟ್ಕೊಳ್ಳಿ, ಕಡಮತ್, ಬಂಗಾರಂ ಎರಡೂ ಚೆನ್ನ.

ಆಗಸ್ಟಿಗೆ ನನ್ನ ಆಯ್ಕೆ ಶ್ರೀಲಂಕಾದ ಪೂರ್ವ ಕರಾವಳಿ, ಟ್ರಿಂಕೋಮಲಿ. ನಮ್ಮ ಕಡೆ ಮಳೆ ಸುರಿಯೋವಾಗ ಅಲ್ಲಿ ಬಿಸಿಲು, ಮೇಯಿಂದ ಸೆಪ್ಟೆಂಬರ್ ಅಲ್ಲಿನ ಡೈವಿಂಗ್ ಸೀಸನ್. ಬೆಂಗಳೂರಿಂದ ಕೊಲಂಬೋಗೆ ನೇರ ಫ್ಲೈಟ್, ಅಲ್ಲಿಂದ ರಸ್ತೆಯಲ್ಲಿ ಅರ್ಧ ದಿನ, ನಿಲಾವೆಲಿಯಲ್ಲಿ ಉಳ್ಕೊಂಡ್ರೆ ಪಿಜನ್ ಐಲ್ಯಾಂಡ್ ನ್ಯಾಷನಲ್ ಪಾರ್ಕ್ ಎದುರಿಗೇ ಇದೆ. ಬ್ಯಾಟಿಕಲೋವಾ ಹತ್ರ 1942ರಲ್ಲಿ ಜಪಾನಿನ ವಿಮಾನಗಳು ಮುಳುಗಿಸಿದ ಎಚ್‌ಎಂಎಸ್ ಹರ್ಮಿಸ್ ಹಡಗು ತೋರಿಸ್ತೀವಿ ಅಂತ ಯಾರಾದ್ರೂ ಕರೆದ್ರೆ ಹೋಗ್ಬೇಡಿ, ಅದು 50 ಮೀಟರಿಗೂ ಆಳದಲ್ಲಿದೆ, ಟೆಕ್ನಿಕಲ್ ಡೈವಿಂಗ್ ಕಲಿತವರಿಗೆ ಮಾತ್ರ.

ಮಾಲ್ಡೀವ್ಸ್ ಆಗಸ್ಟಲ್ಲೂ ಆಗತ್ತೆ, ಮಳೆ ಗಾಳಿ ಇರತ್ತೆ ಆದ್ರೆ ಪ್ಲಾಂಕ್ಟನ್ ಜಾಸ್ತಿ ಇರೋದ್ರಿಂದ ಮಾಂಟಾ ರೇ ಅನ್ನೋ ಅಗಲ ರೆಕ್ಕೆಯ ದೊಡ್ಡ ಮೀನುಗಳು ಬರ್ತಾವೆ. 'ಬಾ ಅಟಾಲ್' ಅನ್ನೋ ದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಯಲ್ಲಿ ಅವು ಹಿಂಡು ಹಿಂಡಾಗಿ ಬಾಯಿ ತೆರ್ಕೊಂಡು ಸುತ್ತೋ ಕಾಲ ಅದೇ, ಆದ್ರೆ ಅಲ್ಲಿ ಸ್ಕೂಬಾ ನಿಷೇಧ, ಸ್ನಾರ್ಕೆಲ್ ಮಾತ್ರ, ಡೈವರ್ಸ್ ನಾವು ಅಂತ ಬೇಜಾರಾಗಬೇಡಿ, ಮೇಲಿಂದಲೇ ನೋಡೋದು ಅದು. ರೆಸಾರ್ಟ್ ದುಡ್ಡು ಜಾಸ್ತಿ ಅನ್ನಿಸಿದ್ರೆ ಸ್ಥಳೀಯರ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ಇದೆ, ಭಾರತೀಯರಿಗೆ ವೀಸಾ ಅಲ್ಲೇ ಇಳಿದ ಮೇಲೆ ಸಿಗತ್ತೆ. ಅಂಥ ದ್ವೀಪಗಳಲ್ಲಿ ಮದ್ಯ ಇಲ್ಲ, ಬಟ್ಟೆ ವಿಷಯದಲ್ಲೂ ಊರಿನವರ ರೀತಿ ಗೌರವಿಸ್ಬೇಕು. ಹವಳದ ದಿಬ್ಬಗಳ ನಡುವಿನ ಚಾನೆಲ್‌ಗಳಲ್ಲಿ ಸೆಳೆತ ಜೋರಿರೋದ್ರಿಂದ ಮೊದಲನೇ ದಿನವೇ ಅಲ್ಲಿಗೆ ಕರ್ಕೊಂಡು ಹೋಗಿ ಅಂತ ಕೇಳ್ಬೇಡಿ, ಮೊದಲು ಹೌಸ್ ರೀಫಲ್ಲಿ, ಅಂದ್ರೆ ಉಳ್ಕೊಂಡಿರೋ ದ್ವೀಪದ ಪಕ್ಕದ ಹವಳದ ದಿಬ್ಬದಲ್ಲಿ, ಒಂದು ಚೆಕ್ ಡೈವ್ ಮಾಡಿ.